ದುಃಖತಪ್ತರ ಪಟ್ಟಿಯ ಎರಡನೇ ಹೆಸರು

‘ದುಃಖತಪ್ತರು’ ಎಂಬ ಪದವನ್ನು ನಾನು ಇಪ್ಪತ್ತೆರಡು ವರ್ಷಗಳಿಂದ ಟೈಪ್ ಮಾಡುತ್ತಿದ್ದೇನೆ. ವಾರಕ್ಕೆ ಮೂರು ಬಾರಿ ಎಂದು ಹಿಡಿದರೂ ಮೂರು ಸಾವಿರ ದಾಟಿರಬೇಕು. ಮದುವೆ ಕಾರ್ಡಿನಲ್ಲಿ ‘ಸುಖಾಗಮನ ಬಯಸುವವರು’ ಎಂದು ಇರುವ ಜಾಗದಲ್ಲಿ ತಿಥಿ ಕಾರ್ಡಿನಲ್ಲಿ ಈ ಪದ ಇರುತ್ತದೆ. ಅದರ ಕೆಳಗೆ ಹೆಂಡತಿ, ಗಂಡುಮಕ್ಕಳು, ಸೊಸೆಯಂದಿರು, ಹೆಣ್ಣುಮಕ್ಕಳು, ಅಳಿಯಂದಿರು, ಮೊಮ್ಮಕ್ಕಳು, ಕೊನೆಗೆ ‘ಹಾಗೂ ಬಂಧುಮಿತ್ರರು’. ಈ ಪಟ್ಟಿಗಾಗಿ ನಮ್ಮ ಅಂಗಡಿಯಲ್ಲಿ ಆಗಿರುವ ಜಗಳಗಳನ್ನು ಹೇಳಲು ಕೂತರೆ ಸಂಜೆಯಾಗುತ್ತದೆ.

ನನ್ನ ಹೆಸರು ಕಮರುನ್ನೀಸಾ. ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಅತ್ತರಿನ ಅಂಗಡಿಗೂ ಹಳೇ ಮೋಟರ್ ಸಾಮಾನಿನ ಅಂಗಡಿಗೂ ನಡುವೆ ನಮ್ಮ ಕಾರ್ಡ್ ಅಂಗಡಿ ಇದೆ. ಮುಂದೆ ಕಂಪ್ಯೂಟರಿನಲ್ಲಿ ನಾನು, ಹಿಂದೆ ಮಷೀನಿನ ಹತ್ತಿರ ನನ್ನ ಗಂಡ ಬಷೀರ್. ಮನೆಯಲ್ಲಿ ನಾವು ಮಾತಾಡುವುದು ದಖ್ನಿ. ಆದರೆ ನಾನು ಹತ್ತನೆಯ ತರಗತಿಯವರೆಗೆ ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಬುರ್ಖಾ ಹಾಕಿದ ಹೆಂಗಸು ತಮ್ಮ ಮ್ಯಾಟರಿನ ತಪ್ಪು ತಿದ್ದುವಾಗ ಕೆಲವರು ಬೆರಗಾಗುತ್ತಾರೆ. ಬೆರಗಾಗಲಿ. ‘ದುಃಖ’ಕ್ಕೆ ಎರಡು ಸೊನ್ನೆ ಹಾಕುವ ಬದಲು ಕೋಲನ್ ಒತ್ತಿ ಕಳಿಸುವವರನ್ನು ನೋಡಿ ನಾನೂ ದಿನಾ ಬೆರಗಾಗುತ್ತೇನೆ.

ಈ ಪದದ ಮೇಲೆ ನನಗೆ ಮೊದಲಿನಿಂದಲೂ ಕುತೂಹಲ. ಒಮ್ಮೆ ನಿಘಂಟು ತೆಗೆದು ನೋಡಿದೆ. ತಪ್ತ ಎಂದರೆ ಕಾದದ್ದು, ಬೆಂದದ್ದು, ಸುಟ್ಟದ್ದು ಎಂದಿತ್ತು. ಅಂದರೆ ದುಃಖತಪ್ತರು ಎಂದರೆ ದುಃಖದಲ್ಲಿ ಬೆಂದುಹೋದವರು. ನನಗೆ ಒಲೆಯ ಮೇಲಿನ ಕಾವಲಿ ನೆನಪಾಯಿತು. ನೀರು ಚಿಮುಕಿಸಿದರೆ ಚುಂಯ್ ಎನ್ನಬೇಕು, ಅಷ್ಟು ಬಿಸಿ. ಆದರೆ ನಮ್ಮ ಅಂಗಡಿಗೆ ಬರುವವರಲ್ಲಿ ಹಾಗೆ ಕಾದವರನ್ನು ನಾನು ಕಂಡದ್ದು ಕಡಿಮೆ. ಬರುವವರು ಹೆಸರಿನ ಮುಂದೆ ಬಿ.ಇ. ಹಾಕಿಸುತ್ತಾರೆ. ತಮ್ಮ ಹೆಸರಿಗಿಂತ ಬೀಗರ ಹೆಸರು ದಪ್ಪ ಅಕ್ಷರದಲ್ಲಿದೆ ಎಂದು ಅಳತೆಪಟ್ಟಿ ಇಟ್ಟು ತೋರಿಸುತ್ತಾರೆ. ಆರು ತಿಂಗಳ ಕೂಸನ್ನೂ ದುಃಖತಪ್ತರ ಪಟ್ಟಿಗೆ ಸೇರಿಸುತ್ತಾರೆ. ಬೆನ್ಸನ್ ಟೌನಿನ ಒಂದು ಮನೆಯವರು ತೀರಿಕೊಂಡ ಯಜಮಾನರ ನಾಯಿಯ ಹೆಸರು ಹಾಕಿಸಿದ್ದರು. ಆ ಪಟ್ಟಿಯಲ್ಲಿ ನಿಜ ಹೇಳುತ್ತಿದ್ದದ್ದು ಅದೊಂದೇ ಹೆಸರಿರಬೇಕು ಎಂಬ ಅನುಮಾನ ನನಗೆ ಈಗಲೂ ಇದೆ.

ಬಷೀರ್‌ಗೆ ಇದೆಲ್ಲ ತಲೆಹರಟೆ. ನಮ್ಮಲ್ಲಿ ಸಾವಿಗೆ ಕಾರ್ಡಿಲ್ಲ. ಮಸೀದಿಯ ಮೈಕಿನಲ್ಲಿ ಹೆಸರು ಹೇಳುತ್ತಾರೆ, ದಫನ್ ಯಾವ ನಮಾಜಿನ ನಂತರ ಎಂದು ಹೇಳುತ್ತಾರೆ, ಬರುವವರು ಬರುತ್ತಾರೆ. ಯಾರು ಎಷ್ಟು ಬೆಂದಿದ್ದಾರೆ ಎಂದು ಅಲ್ಲಾಹನಿಗೆ ಗೊತ್ತು, ನಿನಗ್ಯಾಕೆ ಎಂದು ಅವನು ಕೇಳುತ್ತಾನೆ. ನನಗೆ ಬೇಕು. ಅಷ್ಟು ಸಾರಿ ಟೈಪ್ ಮಾಡಿದ ಪದ ಹೇಗಿರುತ್ತದೆ ಎಂದು ಒಂದು ಸಲವಾದರೂ ಕಣ್ಣಿನಿಂದ ನೋಡಬೇಕು ಎಂದು ನನಗೆ ಆಸೆ ಇತ್ತು. ಇಂಥ ಆಸೆ ಒಳ್ಳೆಯದಲ್ಲ ಎಂದು ಆಗ ಹೊಳೆದಿರಲಿಲ್ಲ.

ಹೋದ ಆಗಸ್ಟಿನಲ್ಲಿ ಕಗ್ಗದಾಸಪುರದ ಜಗದೀಶ್ ಎಂಬಾತ ತನ್ನ ತಂದೆಯ ಹನ್ನೊಂದನೇ ದಿನದ ಕಾರ್ಯಕ್ಕೆ ಕಾರ್ಡು ಮಾಡಿಸಿದ. ತಂದೆಯ ಹೆಸರು ಚಿನ್ನಪ್ಪ, ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದು ನಿವೃತ್ತರಾದವರು. ಜಗದೀಶ್ ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸಿದ, ನಾನು ಪ್ರೂಫನ್ನು ವಾಟ್ಸಾಪಿನಲ್ಲಿ ಕಳಿಸಿದೆ, ಅವನು ಹೆಬ್ಬೆರಳಿನ ಚಿತ್ರ ಒತ್ತಿದ. ಐದನೇ ದಿನ ಹುಡುಗನೊಬ್ಬನನ್ನು ಕಳಿಸಿ ಕಾರ್ಡು ತರಿಸಿಕೊಂಡ. ಎಂಟನೇ ದಿನ ಬೆಳಿಗ್ಗೆ ನಾನು ಇನ್ನೂ ಶಟರ್ ಪೂರ್ತಿ ಎತ್ತಿರಲಿಲ್ಲ, ಬಾಗಿಲಲ್ಲಿ ನಿಂತಿದ್ದ. ವಾಟ್ಸಾಪಿನ ಫೋಟೋದಲ್ಲಿ ಕೂದಲಿತ್ತು, ಈಗ ತಲೆ ಬೋಳಿಸಿದ್ದರಿಂದ ಮೊದಲು ಗುರುತೇ ಸಿಗಲಿಲ್ಲ.

“ಯಾರ್ರೀ ಇದು ಸುಭದ್ರಮ್ಮ?” ಎಂದು ಕಾರ್ಡನ್ನು ಮೇಜಿನ ಮೇಲೆ ಬಡಿದ.

ನೋಡಿದೆ. ದುಃಖತಪ್ತರು. ಕೆಳಗೆ ಮೊದಲ ಸಾಲು: ಶ್ರೀಮತಿ ವೆಂಕಟಮ್ಮ, ಧರ್ಮಪತ್ನಿ. ಎರಡನೇ ಸಾಲು: ಶ್ರೀಮತಿ ಸುಭದ್ರಮ್ಮ. ಏನು ಸಂಬಂಧ ಎಂದು ಇಲ್ಲ. ಮೂರನೇ ಸಾಲಿನಿಂದ ಜಗದೀಶ್, ಅವನ ಹೆಂಡತಿ ಪೂಜಿತಾ, ಮಗಳು ಪ್ರಿಯಾ, ಅಳಿಯ, ಮೊಮ್ಮಕ್ಕಳು. ಈ ಕಸುಬಿನಲ್ಲಿ ಯಾರೂ ಹೊಸದಾಗಿ ಬರೆಯುವುದಿಲ್ಲ. ಹಳೇ ಸಾವಿನ ಫೈಲ್ ತೆರೆದು, ಹೆಸರು ಅಳಿಸಿ, ಹೊಸ ಸಾವಿನ ಹೆಸರು ಕೂರಿಸುತ್ತೇವೆ. ಮೂರು ತಿಂಗಳ ಹಿಂದಿನ ಒಂದು ಹಲಸೂರಿನ ಕಾರ್ಡಿನ ಮೇಲೆ ನಾನು ಚಿನ್ನಪ್ಪನವರನ್ನು ಕೂರಿಸಿದ್ದೆ. ಎಲ್ಲರನ್ನೂ ಅಳಿಸಿದ್ದೆ, ಒಬ್ಬರು ಉಳಿದುಬಿಟ್ಟಿದ್ದರು.

“ಹಳೇ ಕಾರ್ಡಿನ ಹೆಸರು ಉಳ್ಕೊಂಡ್ಬಿಟ್ಟಿದೆ ಸರ್. ನನ್ನದೇ ತಪ್ಪು. ಆದ್ರೆ ಪ್ರೂಫ್‌ಗೆ ನೀವು ಓಕೆ ಅಂದ್ರಲ್ಲ?” ಎಂದೆ. ತಪ್ಪು ಒಪ್ಪಿಕೊಳ್ಳುವಾಗಲೂ ಒಂದು ಮಾತು ಹೆಚ್ಚಿಗೆ ಆಡದಿದ್ದರೆ ನನಗೆ ಸಮಾಧಾನವಿಲ್ಲ.

“ಅಪ್ಪ ಹೋಗಿ ಮೂರು ದಿನ ಆಗಿತ್ತು ಮೇಡಂ. ನಾನೇನು ಒತ್ತು ಕೊಂಬು ಓದ್ಕೊಂಡು ಕೂರ್ತೀನಾ? ಇನ್ನೂರು ಮನೆಗೆ ಹಂಚ್ಬಿಟ್ಟಿದ್ದೀವಿ. ಹೆಂಗಸರೆಲ್ಲ ಗುಸುಗುಸು ಅಂತಿದ್ದಾರೆ. ಚಿಕ್ಕಪ್ಪ ನೇರವಾಗಿ ಕೇಳೇಬಿಟ್ರು, ನಿಮ್ಮಪ್ಪ ಎಲ್ಲಿ ಮಡಗಿದ್ದ ಅಂತ. ನಮ್ಮಪ್ಪ ಹಂಗಲ್ಲ ರೀ. ಅವ್ರು ಒಂದು ಮಾತಾಡ್ಬೇಕಾದ್ರೇ ಮೂರು ಸಲ ಯೋಚ್ನೆ ಮಾಡೋರು!”

ಹೊಸ ಕಾರ್ಡು ಮಾಡಿಕೊಡುತ್ತೇನೆ ಎಂದೆ. ಅವನಿಗೆ ಅದು ಸಾಲದು. ಅಂಗಡಿಯ ಲೆಟರ್‌ಹೆಡ್‌ನಲ್ಲಿ ಬರೆದುಕೊಡಿ ಎಂದ. ಕೂತು ಬರೆದೆ: ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ದಿವಂಗತ ಚಿನ್ನಪ್ಪನವರ ದುಃಖತಪ್ತರ ಪಟ್ಟಿಯಲ್ಲಿರುವ ಶ್ರೀಮತಿ ಸುಭದ್ರಮ್ಮನವರಿಗೂ ಮೃತರಿಗೂ ಯಾವುದೇ ಸಂಬಂಧ ಇರುವುದಿಲ್ಲ.’ ಸಹಿ ಹಾಕಿ ಸೀಲ್ ಒತ್ತಿದೆ. ಒಬ್ಬರು ಇನ್ನೊಬ್ಬರಿಗಾಗಿ ದುಃಖಪಡುತ್ತಿಲ್ಲ ಎಂದು ಪ್ರಮಾಣಪತ್ರ ಕೊಟ್ಟದ್ದು ಅದೇ ಮೊದಲು.

ಮಾರನೇ ದಿನ ಮಧ್ಯಾಹ್ನ ಆ ಪತ್ರ ಅಂಗಡಿಗೆ ವಾಪಸು ಬಂತು. ತಂದವರು ವೆಂಕಟಮ್ಮ.

ಸೂತಕದ ಮನೆಯ ಹೆಂಗಸು, ಅದರಲ್ಲೂ ಗಂಡ ಹೋದವಳು, ಹನ್ನೊಂದು ಕಳೆಯುವ ಮುಂಚೆ ಹೊಸಿಲು ದಾಟುವುದಿಲ್ಲ. ಇಷ್ಟು ವರ್ಷ ತಿಥಿ ಕಾರ್ಡು ಮಾಡಿದ ನನಗೆ ಅದು ಗೊತ್ತು. ಅವರು ಮಗ ಸೊಸೆಯ ಕಣ್ಣು ತಪ್ಪಿಸಿ, ಎರಡು ಬಸ್ಸು ಬದಲಿಸಿ ಬಂದಿದ್ದರು. ಅರವತ್ತೈದರ ಆಸುಪಾಸು, ಗಟ್ಟಿ ಆಳು. ಬರಿಗೈ, ಬರಿಹಣೆ. ಕೂರಿ ಎಂದೆ. ಕೂರಲಿಲ್ಲ.

“ಈ ಕಾಗ್ದ ನನ್ ಮಗ ಬರೆಸ್ಕೊಂಡು ಬಂದಿದ್ದು. ಅವ್ನು ಹೇಳ್ದ, ನೀನು ಬರ್ದೆ. ನಂಗೆ ನಿಜ ಹೇಳಮ್ಮ. ಈ ಸುಭದ್ರಮ್ಮ ಎಲ್ಲಿರ್ತಾಳೆ?”

“ಅಮ್ಮಾ, ಖುದಾನಾಣೆ ಅದು ನನ್ನ ಕೈತಪ್ಪು. ನೋಡಿ ಇಲ್ಲಿ.” ಹಳೇ ಫೈಲ್ ತೆರೆದು ತೋರಿಸಿದೆ. ಹಲಸೂರಿನ ರಾಮು ಎಂಬುವರು ತೀರಿಕೊಂಡದ್ದು, ಅವರ ಅಕ್ಕ ಸುಭದ್ರಮ್ಮ. ವೆಂಕಟಮ್ಮ ಪರದೆಯ ಹತ್ತಿರ ಬಾಗಿ ಒಂದೊಂದೇ ಅಕ್ಷರ ಓದಿದರು.

“ಇದ್ರಲ್ಲಿ ನೀನು ಏನು ಬೇಕಾದ್ರೂ ಬರೀಬೋದು. ನಿನ್ನೆ ಬರೆದು ಇವತ್ತು ತೋರಿಸ್ಬೋದು,” ಎಂದರು. ಅದು ನಿಜ.

ಆಮೇಲೆ ಅವರು ಕಾರ್ಡು ತೆಗೆದು, ಆ ಪದದ ಮೇಲೆ ಬೆರಳಿಟ್ಟರು. “ಇದಕ್ಕೇನಮ್ಮ ಅರ್ಥ? ನಮ್ಮ ಪ್ರಿಯಾನ ಕೇಳ್ದೆ, ದುಃಖದಲ್ಲಿರೋರು ಅಂದ್ಳು. ಅಷ್ಟೇನಾ?”

ನನ್ನ ಜೀವಮಾನದಲ್ಲಿ ಆ ಪದದ ಅರ್ಥವನ್ನು ನನ್ನ ಹತ್ತಿರ ಕೇಳಿದ ಮೊದಲ ಗಿರಾಕಿ ಅವರು. ಹಿಗ್ಗಿ, ನಿಘಂಟನ್ನೇ ತೆಗೆದು ಹೇಳಿದೆ. ಕಾದದ್ದು, ಬೆಂದದ್ದು, ಸುಟ್ಟದ್ದು. ಒಳಗೆ ಬೆಂಕಿ ಹೊತ್ತಿ ಕೂರಲೂ ಆಗದೆ ನಿಲ್ಲಲೂ ಆಗದೆ ಇರುವವರು. ಹೇಳುತ್ತಾ ಹೇಳುತ್ತಾ ಅವರ ಮುಖ ನೋಡಿದೆ, ನನ್ನ ನಾಲಿಗೆ ನಿಧಾನವಾಯಿತು. ಹೊಸದಾಗಿ ಗಂಡ ಹೋದವಳ ಎದುರು ಪಾಠ ಒಪ್ಪಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಅವರು ಆಗ ಕುರ್ಚಿ ಎಳೆದು ಕೂತರು. “ಹಂಗಾದ್ರೆ ನನ್ ಹೆಸ್ರನ್ನೂ ತೆಗೀಬೇಕಾಯ್ತದೆ,” ಎಂದರು.

“ಯಾಕಮ್ಮ?”

“ನಾನು ಬೆಂದಿಲ್ಲ. ಒಂಬತ್ತು ದಿನ ಆಯ್ತು, ಒಂದು ಹನಿ ಬಂದಿಲ್ಲ. ಜನ ಏನಂತಾರೋ ಅಂತ ಸೆರಗು ಮುಖಕ್ಕಿಟ್ಕೊಂಡು ಕೂತಿದ್ದೆ. ಒಳಗಡೆ ಏನೂ ಇಲ್ಲ ಕಣಮ್ಮ, ತಣ್ಣಗಿದೆ. ನಲವತ್ತೊಂದು ವರ್ಷ ಜೊತೇಲಿದ್ದೆ. ಗೇಟು, ಮನೆ, ಗೇಟು, ಮನೆ. ಹನ್ನೆರಡು ಗಂಟೆ ಡ್ಯೂಟಿ ಮಾಡಿ ಬರೋರು, ಉಣ್ಣೋರು, ಮಲಗೋರು. ನಿಂಗೆ ಹೆಂಗಿದೆ ಅಂತ ನಂಗೆ ಒಂದಿನ ಕೇಳಿಲ್ಲ. ನಾನೂ ಕೇಳಿಲ್ಲ.”

ಅವರು ಇದನ್ನು ದೂರಿನಂತೆ ಹೇಳಲಿಲ್ಲ. ಅಂಗಡಿಯಲ್ಲಿ ಅಕ್ಕಿ ಯಾವ ತರಹದ್ದು ಎಂದು ಹೇಳುವಂತೆ ಹೇಳಿದರು. ನಿವೃತ್ತರಾದ ಮೇಲೆ ಗಂಡ ದಿನಾ ಸಂಜೆ ನಾಲ್ಕಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದರಂತೆ. ಏಳಕ್ಕೆ ಬರುತ್ತಿದ್ದರಂತೆ. ಏಳು ವರ್ಷ, ಮಳೆ ಬಂದರೂ ತಪ್ಪಿಸದೆ.

“ಬಂದವ್ರೇ ಜೇಬಲ್ಲಿರೋದ್ನೆಲ್ಲ ಅಡುಗೆಮನೆ ಕಟ್ಟೆ ಮೇಲೆ ಸುರಿಯೋರು. ಬೀಗದ ಕೈ, ಕರ್ಚೀಫು, ತಿಂದು ಉಳಿದ ಕಡ್ಲೆಬೀಜದ ಪೊಟ್ಣ. ಎತ್ತಿಡೋದು ನನ್ ಕೆಲ್ಸ. ಅಡುಗೆ ಮಾಡ್ತಾ ಮಾಡ್ತಾ ಆ ಬೀಜ ನಾನೇ ತಿಂದು ಮುಗಿಸ್ತಿದ್ದೆ, ಚೆಲ್ಲೋಕೆ ಮನಸ್ಸು ಬರ್ದೆ. ಹಲ್ಲೆಲ್ಲ ಹೋಗಿದ್ವು ಅವ್ರಿಗೆ, ಅನ್ನ ಮೆತ್ತಗೆ ಬೇಯಿಸ್ಬೇಕು, ಸಾರು ತೆಳ್ಳಗೆ ಮಾಡ್ಬೇಕು. ಅದ್ರಲ್ಲೇ ದಿನ ಹೋಗೋದು. ಎಲ್ಲಿಗೆ ಹೋಗಿದ್ರಿ ಅಂತ ಕೇಳ್ಲೇ ಇಲ್ಲ ನಾನು.”

“ಈಗ ಈ ಸುಭದ್ರಮ್ಮನ ಹತ್ರ ಹೋಗ್ತಿದ್ರು ಅನ್ಸುತ್ತಾ?”

“ಹೂಂ. ಈ ಹೆಸ್ರು ನೋಡಿದ್ ತಕ್ಷಣ ಅನ್ನಿಸ್ತು.”

“ಸಿಟ್ಟು ಬಂತಾಮ್ಮ?”

ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಸಿಟ್ಯಾಕೆ? ಸಮಾಧಾನ ಆಯ್ತು. ಅವಯ್ಯನ್ನ ಜೀವನವೆಲ್ಲ ಜನ ಬೈದ್ರು. ಗೇಟ್ ಹಾಕಿದ್ರೂ ಬೈದ್ರು, ತೆಗೆಯೋಕೆ ತಡ ಆದ್ರೂ ಬೈದ್ರು. ಅವ್ವ ಅಕ್ಕ ಎಲ್ಲ ಸೇರಿಸಿ ಬೈತಿದ್ರು, ನಂಗೆ ಮನೆಗೆ ಕೇಳ್ಸೋದು. ಅಂಥೋರು ಸತ್ರೆ ಯಾರೋ ಒಬ್ಳಾದ್ರೂ ಬೇಯ್ತಾಳಲ್ಲ ಅನ್ನಿಸ್ತು. ನಂಗಾಗಿಲ್ಲ, ಅವಳಿಗಾದ್ರೂ ಆಯ್ತಲ್ಲ. ಅವಳನ್ನ ಒಂದ್ಸಲ ನೋಡ್ಬೇಕು. ಹೆಂಗಿರ್ತಾಳೆ, ಹೆಂಗೆ ಅಳ್ತಾಳೆ ನೋಡ್ಬೇಕು. ಕಾರ್ಯಕ್ಕೆ ಕರೀಬೇಕು. ಅಷ್ಟೇ.”

ಹಿಂದಿನಿಂದ ಮಷೀನಿನ ಸದ್ದು ನಿಂತಿತ್ತು. ಬಷೀರ್ ಪರದೆ ಸರಿಸಿ ನೋಡುತ್ತಿದ್ದ. “ನಕ್ಕೋ,” ಬೇಡ ಎಂದು ಕಣ್ಣಲ್ಲೇ ನನಗೆ ಹೇಳಿದ. ನನಗೆ ಹಾಗೆ ಹೇಳಿದರೆ ಕಾಲು ಮೊದಲೇ ಚಪ್ಪಲಿಯೊಳಗೆ ಹೋಗುತ್ತದೆ. ಈ ಹೆಂಗಸಿನ ಮನಸ್ಸಿನಲ್ಲಿ ಇಲ್ಲದ ಸವತಿಯನ್ನು ಹುಟ್ಟಿಸಿದವಳು ನಾನು, ಅದನ್ನು ನಾನೇ ಬಿಡಿಸಬೇಕು ಎಂದು ಅವನಿಗೆ ಹೇಳಿದೆ. ಅದು ಅರ್ಧ ನಿಜ. ಸುಭದ್ರಮ್ಮನವರ ಮುಂದೆ ಇವರು ನಿಂತಾಗ ಏನಾಗುತ್ತದೆ ಎಂದು ನನಗೂ ನೋಡಬೇಕಿತ್ತು.

ಆಟೋ ಹಿಡಿದು ಹಲಸೂರಿಗೆ ಹೋದೆವು. ಕೆರೆಯ ಹತ್ತಿರದ ಒಂದು ಕಿರಿದಾದ ಬೀದಿಯಲ್ಲಿ ಮೂರು ಅಂತಸ್ತಿನ ಸಣ್ಣ ಮನೆ. ಕೆಳಗಿದ್ದವರು ಸುಭದ್ರಮ್ಮ ಮೇಲಿದ್ದಾರೆ ಎಂದರು. ಮೆಟ್ಟಿಲು ಹತ್ತಿ ತಾರಸಿಗೆ ಹೋದರೆ, ಎಪ್ಪತ್ತು ದಾಟಿದ ಒಬ್ಬ ಸಣಕಲು ಅಜ್ಜಿ ಮಂಡಿಗೆ ಬಟ್ಟೆ ಸುತ್ತಿಕೊಂಡು ಪಾರಿವಾಳಗಳಿಗೆ ಜೋಳ ಹಾಕುತ್ತಿದ್ದರು. ಮರದ ಗೂಡುಗಳಲ್ಲಿ ಮೂವತ್ತು ನಲವತ್ತು ಹಕ್ಕಿಗಳಿರಬಹುದು.

ನಾನು ಯಾರು ಎಂದು ಹೇಳಿ, ಆದ ತಪ್ಪು ವಿವರಿಸಿ, ಕಾರ್ಡು ಕೊಟ್ಟೆ. ಅವರು ಕನ್ನಡಕ ಏರಿಸಿಕೊಂಡು ಓದಿದರು. “ಅಯ್ಯೋ ಕಡವುಳೇ, ದೇವರೇ! ನಾನು? ಗೇಟ್‌ಮನ್‌ಗೆ?” ಎಂದು ನಗತೊಡಗಿದವರು, ವೆಂಕಟಮ್ಮನ ಬರಿಹಣೆ ಕಂಡು ತಟ್ಟನೆ ನಿಲ್ಲಿಸಿದರು.

ವೆಂಕಟಮ್ಮ ಅವರ ಹತ್ತಿರ ಹೋಗಿ ನಿಂತರು. “ನೀವು ಬೇಜಾರು ಮಾಡ್ಕೋಬೇಡಿ. ನಾನು ಜಗಳಕ್ಕೆ ಬಂದಿಲ್ಲ. ನಿಜ ಇದ್ರೆ ಇದೆ ಅನ್ನಿ.”

ಸುಭದ್ರಮ್ಮ ಕಾರ್ಡಿನ ಮೇಲಿನ ಚಿನ್ನಪ್ಪನವರ ಫೋಟೋವನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಲ್ಲ ಎಂದು ಹೇಳುವ ಮುಂಚೆ ಆ ಮುಖಕ್ಕೆ ಒಂದಿಷ್ಟು ಮರ್ಯಾದೆ ಕೊಟ್ಟರು. “ಇಲ್ಲ ತಾಯಿ. ಈ ಮುಖ ನಾನು ನೋಡೇ ಇಲ್ಲ.”

“ಒಂದ್ಸಲಾನೂ? ಸಂಜೆ ಹೊತ್ತು? ಬಿಳೀ ಅಂಗಿ ಹಾಕ್ತಿದ್ರು.”

“ಕಗ್ಗದಾಸಪುರದ ಕಡೆ ನಾನು ಹೋದೋಳೇ ಅಲ್ಲ. ನನ್ ದುಃಖ ಎಲ್ಲ ಇಲ್ಲೇ ಇದೆ ನೋಡಿ,” ಎಂದು ಅವರು ಗೂಡುಗಳ ಕಡೆ ಕೈ ಮಾಡಿದರು. “ನನ್ ತಮ್ಮ ರಾಮುದು ಇವೆಲ್ಲ. ಅವನಿದ್ದಾಗ ಗಲೀಜು ಮಾಡ್ತವೆ ಅಂತ ದಿನಾ ಬೈತಿದ್ದೆ. ಬಿರಿಯಾನಿ ಮಾಡ್ಬಿಡ್ತೀನಿ ನೋಡು ಅಂತಿದ್ದೆ. ಈಗ ಈ ಮಂಡಿ ಎಳ್ಕೊಂಡು ಮೂವತ್ತೆರಡು ಮೆಟ್ಲು ಹತ್ತಿ ಬರ್ತೀನಿ, ಎರಡು ಹೊತ್ತು. ಕಾಳು ಹಾಕ್ದಾಗ ಇವು ನನ್ನ ಮುಖ ನೋಡಲ್ಲ. ಮೆಟ್ಲು ಕಡೆ ನೋಡ್ತವೆ, ಅವನು ಬರ್ತಾನೇನೋ ಅಂತ. ಆಗ ನಂಗೆ ಇಲ್ಲಿ…” ಎಂದು ಎದೆಯ ಕೆಳಗೆ ಮುಷ್ಟಿ ಒತ್ತಿ ಹಿಡಿದರು. ಕಣ್ಣಲ್ಲಿ ನೀರು ಬರಲಿಲ್ಲ. ಆ ಮುಷ್ಟಿ ಮಾತ್ರ ಬಿಡಲಿಲ್ಲ.

ವೆಂಕಟಮ್ಮ ಆ ಮುಷ್ಟಿಯನ್ನೇ ನೋಡುತ್ತಿದ್ದರು. ಪಾಠ ಕಲಿಯಲು ಬಂದವರು ನೋಡುವ ಹಾಗೆ ನೋಡುತ್ತಿದ್ದರು. ಸುಭದ್ರಮ್ಮ ಕಾಫಿ ಮಾಡುತ್ತೇನೆ ಎಂದರೂ ಒಪ್ಪಲಿಲ್ಲ. ಸೂತಕದವಳು, ಇಲ್ಲಿಯವರೆಗೆ ಬಂದದ್ದೇ ಹೆಚ್ಚು ಎಂದು ಕೈ ಮುಗಿದು ಇಳಿದರು.

ಅವರನ್ನು ಮನೆಗೆ ಬಿಡಲು ಅದೇ ಆಟೋದಲ್ಲಿ ಹೊರಟೆವು. ಸುಳ್ಳು ಬಿಡಿಸಿದೆ ಎಂದು ನನಗೆ ಹಗುರವಾಗಬೇಕಿತ್ತು, ಆಗಲಿಲ್ಲ. ಇಂದಿರಾನಗರ ದಾಟಿದ ಮೇಲೆ ವೆಂಕಟಮ್ಮ ಆಟೋದ ಸದ್ದಿನ ನಡುವೆ, “ಹಂಗಾದ್ರೆ ಯಾರೂ ಇರ್ಲಿಲ್ಲ,” ಎಂದರು.

“ಏನಮ್ಮ?”

“ಅವಯ್ಯಂಗೆ ಯಾರೂ ಇರ್ಲಿಲ್ಲ. ನಾನಿದ್ದೂ ಇಲ್ಲ, ಇವಳೂ ಅಲ್ಲ. ಏಳು ವರ್ಷ ಎಲ್ಲಿಗೆ ಹೋಗ್ತಿದ್ರು ಹಂಗಾದ್ರೆ?”

ನನಗೂ ಅದೇ ಪ್ರಶ್ನೆ ಕೊರೆಯುತ್ತಿತ್ತು. ಬಿಳಿ ಅಂಗಿ ಹಾಕಿಕೊಂಡು, ಮೂರು ಗಂಟೆ, ದಿನಾ. ಪಾರ್ಕೋ, ಗುಡಿಯೋ, ಇಸ್ಪೀಟೋ ಎಂದು ಕೇಳಿದೆ. ಗುಡಿಗೆ ಹೋಗುವ ಜನವಲ್ಲ, ಇಸ್ಪೀಟು ಮುಟ್ಟಿದವರಲ್ಲ ಎಂದರು. ಅಷ್ಟರಲ್ಲಿ ಕಗ್ಗದಾಸಪುರದ ರೈಲ್ವೆ ಗೇಟಿನ ಹತ್ತಿರ ಬಂದೆವು. ಗೇಟು ಬಿದ್ದಿತ್ತು. ನಮ್ಮ ಮುಂದೆ ಬೈಕು, ಕಾರು, ಶಾಲೆಯ ವ್ಯಾನುಗಳ ದೊಡ್ಡ ಸಾಲು. ಸಂಜೆ ಐದು ದಾಟಿತ್ತು. ಎಲ್ಲರೂ ಒಟ್ಟಿಗೆ ಹಾರ್ನ್ ಹೊಡೆದರೆ ರೈಲು ಬೇಗ ಬರುತ್ತದೆ ಎಂದು ಬೆಂಗಳೂರಿನವರಿಗೆ ಯಾರು ಹೇಳಿಕೊಟ್ಟರೋ ನಾ ಕಾಣೆ.

ಆಟೋದ ಪಕ್ಕದಲ್ಲೇ ಕಡಲೆಬೀಜದ ಗಾಡಿ ಇತ್ತು. ಬಾಣಲೆಯಲ್ಲಿ ಮರಳಿನ ಜೊತೆ ಬೀಜ ಹುರಿಯುತ್ತಿದ್ದ ಮನುಷ್ಯ, ನಲವತ್ತರವನು, ನನ್ನ ಬುರ್ಖಾ ನೋಡಿ ಸಲಾಂ ಹೇಳಿದ. ಆಮೇಲೆ ನನ್ನ ಕೈಯಲ್ಲಿದ್ದ ಕಾರ್ಡಿನ ಫೋಟೋ ಕಂಡು ಬಗ್ಗಿದ.

“ಅರೆ, ಇದು ಚಿನ್ನಪ್ಪಣ್ಣ ಅಲ್ವಾ? ಏನಾಯ್ತು?”

ಹೇಳಿದೆ. ಅವನು ಸಟ್ಟುಗ ಬಿಟ್ಟು ಎರಡೂ ಕೈಯನ್ನು ಮುಖದ ಮೇಲೆ ಎಳೆದುಕೊಂಡು, ಬಾಯಲ್ಲೇ ದುವಾ ಹೇಳಿದ. ಅವನ ಹೆಸರು ಅನೀಸ್. ಹತ್ತು ದಿನದಿಂದ ಅವರು ಬಾರದಿದ್ದುದನ್ನು ನೋಡಿ ಹುಷಾರಿಲ್ಲವೇನೋ ಎಂದುಕೊಂಡಿದ್ದನಂತೆ.

“ನಿಮಗೆ ಗೊತ್ತಾ ಅವ್ರು?” ಎಂದು ವೆಂಕಟಮ್ಮ ಆಟೋದಿಂದ ತಲೆ ಹೊರಹಾಕಿದರು.

“ಗೊತ್ತಿಲ್ದೆ ಏನಮ್ಮಾ? ದಿನಾ ನಾಲ್ಕೂಕಾಲಿಗೆ ಬರೋರು. ಅಲ್ಲಿ ಆ ಕಲ್ಲಿನ ಮೇಲೆ ಕೂರೋರು. ಗೇಟ್ ಬೀಳೋವಾಗೆಲ್ಲ ಎದ್ದು ನಿಲ್ಲೋರು, ರೈಲು ಹೋದ್ಮೇಲೆ ಕೂತ್ಕೊಳ್ಳೋರು. ಇದೇ ಗೇಟಲ್ಲಿ ಕೆಲ್ಸ ಮಾಡಿದೋರಲ್ವಾ, ಅಭ್ಯಾಸ ಬಿಡ್ಲಿಲ್ಲ ಅವ್ರಿಗೆ. ನಾನು ನಗ್ತಿದ್ದೆ.”

“ಜೊತೇಲಿ ಯಾರು ಬರೋರು?”

“ಯಾರೂ ಇಲ್ಲ. ಒಬ್ರೇ. ಮಾತೂ ಅಷ್ಟಕ್ಕಷ್ಟೇ.”

ಕೊನೆಯ ಬಾಗಿಲೂ ಮುಚ್ಚಿತು ಎಂಬಂತೆ ವೆಂಕಟಮ್ಮ ಹಿಂದಕ್ಕೆ ಒರಗಿದರು. ನನಗೆ ಮಾತ್ರ ಏನೋ ಒಂದು ಸರಿಹೋಗದೆ ಉಳಿದಿತ್ತು. ಪ್ರೂಫ್ ಓದುವಾಗ ಹಾಗಾಗುತ್ತದೆ. ತಪ್ಪು ಎಲ್ಲಿದೆ ಎಂದು ಗೊತ್ತಾಗುವ ಮುಂಚೆಯೇ ಕಣ್ಣು ಆ ಸಾಲಿಗೆ ವಾಪಸು ಹೋಗುತ್ತದೆ.

“ಅವ್ರು ನಿನ್ನ ಹತ್ರ ಕಡ್ಲೆಬೀಜ ತಗೋತಿದ್ರಲ್ವಾ? ಹಲ್ಲಿಲ್ದೆ ಹೆಂಗೆ ತಿಂತಿದ್ರು?” ಎಂದು ಅನೀಸ್‌ನನ್ನು ಕೇಳಿದೆ.

“ಅವ್ರೆಲ್ಲಿ ತಿಂತಿದ್ರು? ಒಂದು ಬೀಜಾನೂ ಬಾಯಿಗೆ ಹಾಕ್ತಿರ್ಲಿಲ್ಲ. ಮನೆಗೆ ಹೊರಡೋವಾಗ ಒಂದು ಪೊಟ್ಣ ಕಟ್ಟಿಸ್ಕೊಳ್ಳೋರು. ಅದೂ ಹಿಂಗಲ್ಲ, ಉಪ್ಪುನೀರು ಹಾಕ್ದೆ ಬೇರೆ ಹುರ್ದು ಕೊಡ್ಬೇಕು. ಮನೇಲಿ ಅವಳಿಗೆ ಬಿಪಿ ಇದೆ, ಉಪ್ಪು ಆಗಲ್ಲ, ಆದ್ರೆ ಕಡ್ಲೆಬೀಜ ಅಂದ್ರೆ ಪ್ರಾಣ ಅನ್ನೋರು. ಅವ್ರಿಗೆ ಅಂತ ಒಂದು ಹಿಡಿ ದಿನಾ ತೆಗ್ದಿಡ್ತಿದ್ದೆ. ಈಗ್ಲೂ ಇಟ್ಟಿದ್ದೀನಿ ನೋಡಿ.”

ಬಾಣಲೆಯ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇತ್ತು. ಅವನು ಅದರಲ್ಲಿದ್ದ ಬೀಜವನ್ನು ಕಾಗದಕ್ಕೆ ಸುರಿದು, ಮೂಲೆ ಮಡಿಸಿ, ಯಾರು ಎಂದು ಕೇಳದೆಯೇ ವೆಂಕಟಮ್ಮನ ಕೈಗೆ ಕೊಟ್ಟ. ಅಷ್ಟೊತ್ತಿಗೆ ಅವನಿಗೆ ಅರ್ಥವಾಗಿತ್ತು.

ವೆಂಕಟಮ್ಮ ಪೊಟ್ಟಣವನ್ನು ತೆರೆಯಲಿಲ್ಲ. ಅದರ ಮಡಿಕೆಯ ಮೇಲೆ ಹೆಬ್ಬೆರಳು ಆಡಿಸಿದರು. ಆ ಮಡಿಕೆ ಅವರ ಕೈಗೆ ಗುರುತಿತ್ತು, ಏಳು ವರ್ಷ ಅಡುಗೆಮನೆಯ ಕಟ್ಟೆಯ ಮೇಲೆ ಬಿಡಿಸಿದ್ದರಲ್ಲ. “ಉಳಿದಿದ್ದು ಅನ್ಕೊಂಡಿದ್ದೆ,” ಎಂದರು. ಮತ್ತೆ, “ತಿಂದು ಉಳಿದಿದ್ದು ಅನ್ಕೊಂಡಿದ್ದೆ ಕಣಮ್ಮ. ಉಪ್ಪಿಲ್ಲ, ಎಂಥ ಸಪ್ಪೆ ಬೀಜ ತರ್ತಾರೆ ಈ ಮನುಷ್ಯ ಅಂತ ಬೈಕೊಂಡು ತಿಂತಿದ್ದೆ.”

ನಾನು ಅವರ ಭುಜ ಮುಟ್ಟಿದೆ. ಮೈ ನಿಜವಾಗಿಯೂ ಬಿಸಿಯಾಗಿತ್ತು.

ಆಗ ನಮ್ಮ ಮುಂದಿದ್ದ ಬೈಕಿನವನು ಸೀಟಿನ ಮೇಲೆ ಎದ್ದು ನಿಂತು ಗೇಟಿನ ಗುಡಿಸಲ ಕಡೆಗೆ ಕೂಗಿದ. “ಏಯ್, ಯಾವನೋ ಅವ್ನು ಗೇಟ್ ಹಾಕಿದೋನು? ಸತ್ತಿದ್ದೀಯೇನೋ ಅಲ್ಲಿ, ತೆಗಿಯೋ ಬೇಗ!” ಆಮೇಲೆ ತಾಯಿಯನ್ನು ಸೇರಿಸಿ ಇನ್ನೊಂದು ಮಾತು ಬೈದ. ಒಳಗಿದ್ದ ಗೇಟ್‌ಮನ್ ಇತ್ತ ತಿರುಗಲಿಲ್ಲ. ಹಸಿರು ಬಾವುಟ ಹಿಡಿದು ಹಳಿಯ ಕಡೆ ಮುಖ ಮಾಡಿ ನಿಂತಿದ್ದ.

ವೆಂಕಟಮ್ಮ ಆಟೋದಿಂದ ಹೇಗೆ ಇಳಿದರೋ ಗೊತ್ತಿಲ್ಲ. ನಾನು ನೋಡುವಷ್ಟರಲ್ಲಿ ಬೈಕಿನವನ ಅಂಗಿಯ ಕಾಲರು ಅವರ ಕೈಯಲ್ಲಿತ್ತು.

“ಮಗನೇ, ಅವನಿಗೂ ಮನೇಲಿ ಒಬ್ಳು ಇದ್ದಾಳೆ ಕಣೋ!” ಎಂದು ಕಿರುಚಿದರು. “ಇದ್ದಾಳೆ ಕಣೋ! ಅವಳಿಗೆ ಗೊತ್ತಿಲ್ಲ ಅಷ್ಟೇ! ಗೊತ್ತಿಲ್ಲ ಅಷ್ಟೇ ಕಣೋ ಅವಳಿಗೆ!”

ಬೈಕಿನವನು ಕೈ ಬಿಡಿಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದ. ಹಾರ್ನುಗಳು ಒಂದೊಂದಾಗಿ ನಿಂತವು. ಕಾಲರು ಹಿಡಿದಿದ್ದ ಕೈ ತಾನಾಗಿ ಜಾರಿತು. ಅವರು ರಸ್ತೆಯ ಮಧ್ಯದಲ್ಲೇ ಕುಸಿದು ಕೂತರು, ಪೊಟ್ಟಣವನ್ನು ಎದೆಯ ಕೆಳಗೆ ಮುಷ್ಟಿಯಿಂದ ಒತ್ತಿಕೊಂಡರು. ಒಂಬತ್ತು ದಿನ ಬರದೆ ಇದ್ದದ್ದು ಬಂತು. ಅದಕ್ಕೆ ಅಳು ಎನ್ನಲು ನನಗೆ ಮನಸ್ಸಿಲ್ಲ. ಉಸಿರು ತೆಗೆದುಕೊಳ್ಳುವಾಗಲೂ ಸುಡುತ್ತಿತ್ತು, ಬಿಡುವಾಗಲೂ ಸುಡುತ್ತಿತ್ತು. “ರೀ, ಏನ್ರೀ,” ಎಂದು ಕರೆಯುತ್ತಿದ್ದರು. ನಲವತ್ತೊಂದು ವರ್ಷದಲ್ಲಿ ಕೇಳದೆ ಬಿಟ್ಟದ್ದನ್ನೆಲ್ಲ ಈಗ ಕೇಳಲು ಹೊರಟವರಂತೆ ಅಷ್ಟನ್ನೇ ಮತ್ತೆ ಮತ್ತೆ ಕರೆಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಹಿಡಿದುಕೊಂಡೆ. ನಾನು ನೋಡಬೇಕೆಂದಿದ್ದ ಪದ ನನ್ನ ತೋಳಲ್ಲಿತ್ತು, ನನಗೆ ನೋಡಲು ಆಗಲಿಲ್ಲ. ಕಣ್ಣು ಮುಚ್ಚಿಕೊಂಡೆ.

ರೈಲು ಬಂತು. ಅದು ಹಾದುಹೋಗುವಷ್ಟು ಹೊತ್ತು ಅವರ ದನಿ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಗೇಟು ಮೇಲೆದ್ದಿತು. ಬೈಕಿನವನು ಗಾಡಿಯನ್ನು ಪಕ್ಕಕ್ಕೆ ತಳ್ಳಿ ನಿಲ್ಲಿಸಿ, ಹಿಂದಿನವರಿಗೆ ಸುತ್ತಿ ಹೋಗುವಂತೆ ಕೈ ಮಾಡುತ್ತಿದ್ದ. ಯಾರೂ ಹಾರ್ನ್ ಹೊಡೆಯಲಿಲ್ಲ.

ಹೊಸ ಕಾರ್ಡನ್ನು ಅದೇ ಸಂಜೆ ಮುದ್ರಿಸಬೇಕಿತ್ತು. ವೆಂಕಟಮ್ಮನವರನ್ನು ಮನೆಗೆ ಬಿಟ್ಟು, ಅಂಗಡಿಗೆ ವಾಪಸು ಬಂದು ಫೈಲ್ ತೆರೆದೆ. ಎರಡನೇ ಸಾಲನ್ನು ಅಳಿಸಿದೆ. ಮೊದಲ ಸಾಲಿನ ಹೆಸರನ್ನು ಮುಟ್ಟಲಿಲ್ಲ.